ಕೇಳುವುದಕ್ಕೆ ದಾಕ್ಷಿಣ್ಯ ಬೇಡ

“ಬಿಲ್ ಬೇಡ ಅಂದ್ರೆ ಇನ್ನೂರು ರೂಪಾಯಿ ಕಡಿಮೆ ಮಾಡ್ಕೊಡ್ತೀನಿ” ಎಂದು ಅಂಗಡಿಯವನು ಹೇಳಿದ ಕೂಡಲೇ ನಮ್ಮ ಮುಖ ಅರಳುತ್ತದೆ. ಮೊದಲ ಸಂಬಳ ಎಣಿಸಿಕೊಂಡು ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಮಂಗಳೂರಲ್ಲೋ ಬಿಡಾರ ಹೂಡಲು ಹೊರಟಿರುವ ಮಕ್ಕಳೇ, ನಾನು ಹೇಳಬೇಕಾದ್ದು ಅಲ್ಲಿಂದಲೇ ಶುರು. ಆ ಇನ್ನೂರರ ಆಸೆ ಬಿಡಿ, ಬಿಲ್ ತೆಗೆದುಕೊಳ್ಳಿ. ಇದೆಂಥ ಕಿವಿಮಾತು, ಗೋಡೆಗೋಡೆಯ ಮೇಲೂ ಬರೆದಿರುತ್ತಾರಲ್ಲ ಅನ್ನಬಹುದು. ಬರೆದಿರುತ್ತಾರೆ, ನಿಜ. ನಾನು ವಕೀಲರ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಲೇ ತಲೆ ನರೆಸಿಕೊಂಡವನು. ಅನ್ಯಾಯವಾಯಿತೆಂದು ಬಂದು ಬೆಂಚಿನ ಮೇಲೆ ಕೂರುತ್ತಿದ್ದವರಲ್ಲಿ ಎರಡು ಬಗೆ. ಕೆಲವರು ಗಂಟೆಗಟ್ಟಲೆ ಕಥೆ ಹೇಳುತ್ತಿದ್ದರು, ಕೈಯಲ್ಲಿ ಒಂದು ಚೀಟಿಯೂ ಇರುತ್ತಿರಲಿಲ್ಲ. ಇನ್ನು ಕೆಲವರಿಗೆ ಸರಿಯಾಗಿ ಮಾತೇ ಬರುತ್ತಿರಲಿಲ್ಲ, ಆದರೆ ಮಡಚಿದ ಪ್ಲಾಸ್ಟಿಕ್ ಕವರಿನೊಳಗೆ ಬಿಲ್ಲು, ವಾರಂಟಿ ಕಾರ್ಡು, ಅಂಗಡಿಗೆ ಅಲೆದ ಬಸ್ ಟಿಕೆಟ್ಟುಗಳೂ ಸೇರಿ ಎಲ್ಲ ಇರುತ್ತಿತ್ತು. ಗೆದ್ದು ಹೋದವರು ಹೆಚ್ಚಾಗಿ ಈ ಕವರಿನವರೇ.

ಕವರು ಇಲ್ಲದವರು ದಡ್ಡರೇನಲ್ಲ. ಕೇಳುವುದಕ್ಕೆ ದಾಕ್ಷಿಣ್ಯ, ಅಷ್ಟೇ. ಪರಿಚಯದ ಅಂಗಡಿ, ಬಿಲ್ ಕೇಳಿದರೆ ನಂಬಿಕೆ ಇಲ್ಲವೇ ಅನ್ನುತ್ತಾರೆ. ಮನೆ ಓನರ್ ಒಳ್ಳೆಯವರು, ರಶೀದಿ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಪಕ್ಕದ ಮನೆಯ ವಿಷಯ, ಬಾಯಿ ಹಾಕಿದರೆ ನಿಷ್ಠುರ. ಗ್ರಾಹಕರಿಗೆ, ಬಾಡಿಗೆದಾರರಿಗೆ, ಮಕ್ಕಳಿಗೆ ಎಂದು ಸರ್ಕಾರ ಮಾಡಿಟ್ಟ ಕಾಯ್ದೆಗಳು ಒಂದೆರಡಲ್ಲ. ಅವು ಪುಸ್ತಕದಲ್ಲೇ ಉಳಿಯುವುದಕ್ಕೆ ಅಧಿಕಾರಿಗಳ ಉದಾಸೀನ ಎಷ್ಟು ಕಾರಣವೋ ನಮ್ಮ ದಾಕ್ಷಿಣ್ಯವೂ ಅಷ್ಟೇ ಕಾರಣ ಎಂಬುದು ನನ್ನ ಅಭಿಪ್ರಾಯ.

ಗ್ರಾಹಕರ ಸಂರಕ್ಷಣಾ ಕಾಯ್ದೆ ಮೊದಲು ಬಂದದ್ದು 1986ರಲ್ಲಿ. ಈಗಿರುವುದು 2019ರದ್ದು, 2020ರ ಜುಲೈ 20ರಿಂದ ಜಾರಿಯಲ್ಲಿದೆ. ಬಿಲ್ ಕೊಡದಿರುವುದನ್ನೇ ಅದು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. ‘ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂಬ ಬೋರ್ಡು ನೋಡಿ ನೀವು ತೆಪ್ಪಗೆ ಬರುತ್ತೀರಲ್ಲ, ಮಾಲಿನಲ್ಲಿ ದೋಷವಿದ್ದರೆ ಆ ಬೋರ್ಡಿಗೆ ಕಿಮ್ಮತ್ತಿಲ್ಲ. ಬಿಲ್ಲಿನಲ್ಲಿ ಗಡುವು ಬರೆದಿದ್ದರೆ ಅದರೊಳಗೆ, ಬರೆಯದಿದ್ದರೆ 30 ದಿನದೊಳಗೆ ದೋಷದ ಮಾಲನ್ನು ವಾಪಸ್ ಪಡೆದು ದುಡ್ಡು ಹಿಂದಿರುಗಿಸಬೇಕು. ಆದರೆ ಸೀರೆಯ ಬಣ್ಣ ಮನೆಗೆ ಬಂದ ಮೇಲೆ ಹಿಡಿಸಲಿಲ್ಲ ಎಂಬುದು ದೋಷವಲ್ಲ. ಅದನ್ನು ಬದಲಿಸಿಕೊಟ್ಟರೆ ಅಂಗಡಿಯವರ ಸೌಜನ್ಯ. ಸೌಜನ್ಯವನ್ನು ಹಕ್ಕಿನ ದನಿಯಲ್ಲಿ ಕೇಳಿ ಜಗಳ ತಂದುಕೊಳ್ಳಬೇಡಿ.

ಹೊಸ ಕಾಯ್ದೆಯಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಸಣ್ಣ ಬದಲಾವಣೆ. ಮೊದಲು ದೂರು ಕೊಡಬೇಕಾದರೆ ಎದುರು ಪಾರ್ಟಿಯ ಕಚೇರಿ ಎಲ್ಲಿದೆ, ವ್ಯವಹಾರ ಎಲ್ಲಿ ನಡೆಯಿತು ಎಂದು ನೋಡಬೇಕಿತ್ತು. ಈಗ ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಕೊಡಬಹುದು. ಎಲ್ಲಿಯೋ ಇರುವ ಕಂಪನಿಯಿಂದ ಆನ್‌ಲೈನಿನಲ್ಲಿ ತರಿಸಿದ ಫೋನು ಕೆಟ್ಟರೆ ಕಂಪನಿಯೇ ನಿಮ್ಮ ಶಿವಮೊಗ್ಗಕ್ಕೋ ರಾಯಚೂರಿಗೋ ಬಂದು ಉತ್ತರ ಹೇಳಬೇಕು. ನೀವು ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕವೂ ಇಲ್ಲ. ವಕೀಲರೇ ಬೇಕೆಂದೂ ಇಲ್ಲ. ಗುಮಾಸ್ತನಾದವನ ಬಾಯಲ್ಲಿ ಈ ಮಾತು ಬರಬಾರದು, ಆದರೂ ನಿಮ್ಮ ದೂರನ್ನು ನೀವೇ ಬರೆದು, ನೀವೇ ನಿಂತು ಹೇಳಬಹುದು. ಅದಕ್ಕೂ ಮೊದಲು 1915ಕ್ಕೆ ಒಂದು ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಯೋಗದವರೆಗೆ ಹೋಗದೆ ಅಲ್ಲೇ ಬಗೆಹರಿಯುವ ತಕರಾರುಗಳೂ ಇವೆ. ದೂರು ಕೊಡಲು ಇರುವ ಅವಧಿ ಎರಡು ವರ್ಷ. ಮೂರು ತಿಂಗಳಲ್ಲಿ, ವಸ್ತುವನ್ನು ಪರೀಕ್ಷೆಗೆ ಕಳಿಸಬೇಕಿದ್ದರೆ ಐದು ತಿಂಗಳಲ್ಲಿ ತೀರ್ಮಾನ ಆಗಬೇಕೆಂದು ಕಾಯ್ದೆ ಹೇಳುತ್ತದೆ. ಹಾಗೆ ಆಗುವುದು ಅಪರೂಪ. ವಾಯಿದೆ ಮೇಲೆ ವಾಯಿದೆ ಬೀಳುತ್ತದೆ. ಅದಕ್ಕೆ ಸಿದ್ಧರಾಗಿಯೇ ಹೋಗಿ.

ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಸಂಘದಲ್ಲಿ ಸಾಲ ತೆಗೆದು ಕಸೂತಿ ಹಾಕುವ ಹೊಲಿಗೆ ಮಿಷನ್ ಕೊಂಡಿದ್ದಳು. ಎರಡು ತಿಂಗಳಿಗೆ ಮೋಟರ್ ಸುಟ್ಟಿತು. ಅಂಗಡಿಯವರು ಮೊದಲು ನಾಳೆ ಬನ್ನಿ ಅಂದರು, ಆಮೇಲೆ ನೋಟಿಸಿಗೆ ಉತ್ತರ ಕೊಟ್ಟರು: ಇವಳು ಮಿಷನ್ನಿನಿಂದ ದುಡ್ಡು ದುಡಿಯುತ್ತಾಳೆ, ಹಾಗಾಗಿ ಗ್ರಾಹಕಳೇ ಅಲ್ಲ. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಕಾಯ್ದೆಯಲ್ಲಿ ಇರುವುದು ಹೌದು. ಅದರ ಕೆಳಗೇ ಒಂದು ವಿವರಣೆಯೂ ಇದೆ. ತನ್ನ ಹೊಟ್ಟೆಪಾಡಿಗಾಗಿ, ಸ್ವಯಂ ಉದ್ಯೋಗಕ್ಕಾಗಿ ಕೊಂಡು ತಾನೇ ಬಳಸಿದರೆ ಅದು ವ್ಯಾಪಾರದ ಉದ್ದೇಶವಲ್ಲ. ಆ ಒಂದು ಸಾಲನ್ನು ತೋರಿಸಿದ ಮೇಲೆ ಅಂಗಡಿಯವರ ಗತ್ತು ಇಳಿಯಿತು. ಹೊಸ ಮೋಟರ್ ಹಾಕಿಸಿಕೊಟ್ಟು, ಓಡಾಟದ ಖರ್ಚನ್ನೂ ಕೊಟ್ಟು ರಾಜಿ ಮಾಡಿಕೊಂಡರು. ಆಟೊ ಓಡಿಸುವವರಿಗೆ, ಝೆರಾಕ್ಸ್ ಅಂಗಡಿ ಇಟ್ಟವರಿಗೆ, ಕ್ಯಾಮೆರಾ ಕೊಂಡು ಮದುವೆ ಫೋಟೊ ತೆಗೆಯುವ ನಿಮ್ಮಂಥ ಹುಡುಗರಿಗೆ ಈ ಸಾಲು ಗೊತ್ತಿರಬೇಕು.

ಈಗಿನ ಮೋಸಗಳು ತೂಕದ ಕಲ್ಲಿನಲ್ಲಿಲ್ಲ, ಮೊಬೈಲಿನ ಪರದೆಯಲ್ಲಿವೆ. ‘ಇನ್ನು ಎರಡೇ ಉಳಿದಿವೆ’ ಎಂದು ಕೆಂಪಕ್ಷರದಲ್ಲಿ ಅವಸರಪಡಿಸುವುದು, ನೀವು ಆರಿಸದ ವಿಮೆಯನ್ನು ಕೊನೆಯ ಬಿಲ್ಲಿಗೆ ಸೇರಿಸುವುದು, ಚಂದಾದಾರರಾಗಲು ಒಂದು ಗುಂಡಿ ಇಟ್ಟು ಬಿಡಿಸಿಕೊಳ್ಳಲು ಹತ್ತು ಪುಟ ಅಲೆಸುವುದು. ಇಂಥ 13 ಬಗೆಯ ಕಣ್ಕಟ್ಟುಗಳನ್ನು ಹೆಸರಿಸಿ 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದೆ. ಪರದೆಯ ಸ್ಕ್ರೀನ್‌ಶಾಟ್ ತೆಗೆದಿಡುವುದು ಮಾತ್ರ ನಿಮ್ಮ ಕೆಲಸ.

ಇನ್ನು ಮನೆಯ ವಿಚಾರ. ಟು-ಲೆಟ್ ಬೋರ್ಡು ನೋಡಿ ಫೋನ್ ಮಾಡುತ್ತೀರಿ, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಓನರ್‌ಗೆ ಐದೋ ಹತ್ತೋ ತಿಂಗಳ ಅಡ್ವಾನ್ಸು. ಅಪ್ಪ ಅಡಕೆ ಮಾರಿ ಕೊಟ್ಟ ದುಡ್ಡು. ಅಲ್ಲಿ ಓದದೆ ಸಹಿ ಹಾಕುವ ಅಗ್ರಿಮೆಂಟೇ ಬಿಡುವ ದಿನ ನಿಮ್ಮ ಎದುರು ನಿಲ್ಲುತ್ತದೆ. ‘ಪೇಂಟಿಂಗ್ ಚಾರ್ಜ್ ಎಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಲಾಗುವುದು’ ಎಂದು ಬರೆದಿದ್ದು ನೀವು ಸಹಿ ಹಾಕಿದ್ದರೆ ಆಮೇಲೆ ಗೊಣಗಿ ಪ್ರಯೋಜನವಿಲ್ಲ. ಬರೆದಿರದಿದ್ದರೆ, ಸಹಜವಾಗಿ ಸವೆದದ್ದಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಹೇಳುತ್ತದೆ. ಗೋಡೆಗೆ ಹೊಡೆದ ಮೊಳೆಯ ತೂತು ಬೇರೆ ಮಾತು, ಅದನ್ನು ಮುಚ್ಚಿಸಿ ಕೊಡಿ.

ಇಷ್ಟು ಹಳೆಯ ಕಾಯ್ದೆಯನ್ನು ಯಾಕೆ ಹಿಡಿದು ಬಂದೆ ಅಂದರೆ, ನಿಮ್ಮ ಪಾಲಿಗೆ ಉಳಿದಿರುವುದು ಅದೇ. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು. ತಿಂಗಳ ಬಾಡಿಗೆ ದೊಡ್ಡ ಊರುಗಳಲ್ಲಿ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಇವತ್ತು ಬೆಂಗಳೂರಿನಲ್ಲಿ ಆ ಬಾಡಿಗೆಗೆ ಕಾರು ನಿಲ್ಲಿಸುವ ಜಾಗ ಸಿಕ್ಕರೆ ಹೆಚ್ಚು. ಅಂದರೆ ಬಾಡಿಗೆದಾರರಿಗೆಂದು ಮಾಡಿದ ಕಾಯ್ದೆ ಬಹುತೇಕ ಬಾಡಿಗೆದಾರರನ್ನು ಹೊರಗೇ ನಿಲ್ಲಿಸಿದೆ. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ತಂದು, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದೆಂದಿತು. ಅದು ಮಾದರಿ ಮಾತ್ರ, ರಾಜ್ಯದ ವಿಧಾನಮಂಡಲ ಒಪ್ಪಿ ಕಾನೂನು ಮಾಡಿದರಷ್ಟೇ ಜಾರಿಗೆ ಬರುತ್ತದೆ. ವಾಟ್ಸಾಪಿನಲ್ಲಿ ಬಂದದ್ದನ್ನು ಓನರ್‌ಗೆ ಫಾರ್ವರ್ಡ್ ಮಾಡಿ ಅಡ್ವಾನ್ಸ್ ವಾಪಸ್ ಕೇಳಬೇಡಿ.

ಹಾಗಾದರೆ ರಕ್ಷಣೆ ಎಲ್ಲಿದೆ? ಬಾಡಿಗೆಯನ್ನು ಯುಪಿಐ ಮೂಲಕವೇ ಕೊಡಿ, ಯಾವ ತಿಂಗಳದ್ದು ಎಂದು ಅಲ್ಲೇ ಬರೆಯಿರಿ. ಅಡ್ವಾನ್ಸಿನ ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಅಗ್ರಿಮೆಂಟಿನಲ್ಲಿ ಇರಲಿ. ಮನೆ ಹೊಕ್ಕ ದಿನವೂ ಕೀ ವಾಪಸ್ ಕೊಡುವ ದಿನವೂ ಕೋಣೆ ಕೋಣೆಯ ವಿಡಿಯೊ ತೆಗೆಯಿರಿ, ಕರೆಂಟ್ ಮೀಟರಿನ ಅಂಕಿ ಸಮೇತ. ಅಡ್ವಾನ್ಸ್ ಕೊಡದೆ ಸತಾಯಿಸಿದರೆ ಲಿಖಿತ ನೋಟಿಸು, ಅದಕ್ಕೂ ಬಗ್ಗದಿದ್ದರೆ ಮೂರು ವರ್ಷದೊಳಗೆ ಸಿವಿಲ್ ದಾವೆ. ಇನ್ನೊಂದು ಸಂಗತಿಯನ್ನು ಮಾತ್ರ ಎಂದೂ ಮರೆಯಬೇಡಿ. ನೀವು ಊರಿಗೆ ಹೋದಾಗ ಬೀಗ ಒಡೆದು ಸಾಮಾನು ಬೀದಿಗೆ ಹಾಕುವ ಅಧಿಕಾರ ಯಾವ ಮಾಲೀಕರಿಗೂ ಇಲ್ಲ. ಬಾಡಿಗೆ ಬಾಕಿ ಇದ್ದರೂ ಇಲ್ಲ. ಕಾನೂನಿನ ದಾರಿ ಬಿಟ್ಟು ಹೊರಗೆ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಪಡೆಯಬಹುದು. ಲಾಯರ್ ಫೀಸಿಗೆ ದುಡ್ಡಿಲ್ಲದವರಿಗೆ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿಯನ್ನೇ ಕೇಳುವುದಿಲ್ಲ. ಸಹಾಯವಾಣಿ 15100.

ಭೋಗ್ಯದ ಮನೆಯ ಆಸೆಗೆ ಬೀಳುವ ಮೊದಲು ನೂರು ಸಲ ಯೋಚಿಸಿ. ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಟ್ಟರೆ ಬಾಡಿಗೆ ಇಲ್ಲ ಎಂಬುದು ಕೇಳಲು ಚೆನ್ನ. ಓನರ್ ಆ ಮನೆಯ ಮೇಲೆ ಬ್ಯಾಂಕಿನ ಸಾಲ ತೆಗೆದು ಕಂತು ಕಟ್ಟದಿದ್ದರೆ ಒಂದು ದಿನ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ. ಮನೆಯನ್ನು ತಾನು ಬಾಡಿಗೆಗೆ ಪಡೆದು ನಿಮಗೆ ಭೋಗ್ಯಕ್ಕೆ ಕೊಟ್ಟು ನಾಪತ್ತೆಯಾಗುವ ಏಜೆಂಟರೂ ಇದ್ದಾರೆ. ಋಣಭಾರ ಪತ್ರ ತೆಗೆಸಿ ನೋಡಿ, ಕ್ರಯಪತ್ರದಲ್ಲಿ ಹೆಸರಿರುವವರ ಖಾತೆಗೇ ದುಡ್ಡು ಹಾಕಿ. ಒಂದು ವರ್ಷ ಮೀರಿದ ಕರಾರಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಎಲ್ಲ ಅಗ್ರಿಮೆಂಟೂ 11 ತಿಂಗಳದ್ದೇ ಯಾಕಿರುತ್ತದೆ ಎಂದು ಈಗ ಗೊತ್ತಾಯಿತಲ್ಲ.

ಎಲ್ಲ ಮಾಲೀಕರೂ ಕಟುಕರಲ್ಲ ಎಂಬುದನ್ನೂ ಹೇಳಬೇಕು. ಪಿಂಚಣಿಯ ದುಡ್ಡಿನಲ್ಲಿ ಮಹಡಿ ಕಟ್ಟಿಸಿ ಅದರ ಬಾಡಿಗೆಯಲ್ಲೇ ಔಷಧಿ ಕೊಳ್ಳುವ ವೃದ್ಧರ ಮನೆ ಖಾಲಿ ಮಾಡದೆ ವರ್ಷಗಟ್ಟಲೆ ಕೋರ್ಟಿಗೆ ಅಲೆಸಿದ ಬಾಡಿಗೆದಾರರ ಫೈಲುಗಳನ್ನೂ ನಾನು ಹೊತ್ತಿದ್ದೇನೆ.

ಬಾಡಿಗೆದಾರ ಅಂದರೆ ನಮ್ಮ ಮಲೆನಾಡಿನ ಹಿರಿಯರಿಗೆ ಮನೆ ನೆನಪಾಗುವುದಿಲ್ಲ, ಗೇಣಿಯ ಗದ್ದೆ ನೆನಪಾಗುತ್ತದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳದ ಬುಡದಲ್ಲಿದ್ದದ್ದು ಒಂದು ಕೊಳಗ. ಗೇಣಿ ಭತ್ತ ಅಳೆದುಕೊಳ್ಳಲು ಒಡೆಯರು ಬಳಸುತ್ತಿದ್ದ ಕೊಳಗ ರೂಢಿಯ ಕೊಳಗಕ್ಕಿಂತ ದೊಡ್ಡದು. ವರ್ಷವಿಡೀ ಕೆಸರಿನಲ್ಲಿ ನಿಂತು ಬೆಳೆದವನು ಅಳತೆಯಲ್ಲೇ ಸೋಲುತ್ತಿದ್ದ. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಅದನ್ನು ಪ್ರಶ್ನಿಸಿತು, ಸಮಾಜವಾದಿಗಳು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಅಲ್ಲಿ ಎದ್ದ ಪ್ರಶ್ನೆಗೆ ಸರ್ಕಾರದ ಉತ್ತರ ಬರಲು ಎರಡು ದಶಕ ದಾಟಿತು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿಯಿಂದಾಗಿ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು, ಉಳುವವನೇ ಅದರ ಒಡೆತನಕ್ಕೆ ಹಕ್ಕುದಾರನಾದ.

ಆದರೆ ಭೂಮಿ ತಾನಾಗಿ ಯಾರ ಹೆಸರಿಗೂ ಬರಲಿಲ್ಲ. ಗೇಣಿದಾರ ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕಿತ್ತು. ಕೊನೆಯ ದಿನ ಮುಂದೆ ಮುಂದೆ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಅಷ್ಟರೊಳಗೂ ಅರ್ಜಿ ಕೊಡದವರಿದ್ದರು. ಕೆಲವರಿಗೆ ಒಡೆಯರ ಹೆದರಿಕೆ. ಇನ್ನು ಕೆಲವರಿಗೆ, ಅವರ ಮನೆಯ ಉಪ್ಪು ತಿಂದಿದ್ದೇವೆ, ಮುಖಕ್ಕೆ ಹೊಡೆದ ಹಾಗೆ ಅರ್ಜಿ ಹಾಕುವುದು ಹೇಗೆ ಎಂಬ ಸಂಕೋಚ. ಅವರ ಮಕ್ಕಳು ಎಷ್ಟೋ ವರ್ಷದ ಮೇಲೆ ನಮ್ಮ ಕಚೇರಿಗೆ ಬಂದು, “ನಮ್ಮಪ್ಪ ಉಳುತ್ತಿದ್ದದ್ದು ಇಡೀ ಊರಿಗೇ ಗೊತ್ತು” ಅನ್ನುತ್ತಿದ್ದರು. ಊರಿಗೆ ಗೊತ್ತಿದ್ದರೆ ಸಾಲದು, ಪಹಣಿಯಲ್ಲಿ ಇರಬೇಕು ಎಂದು ಅವರಿಗೆ ಹೇಳುವುದು ನನ್ನ ಕೆಲಸಗಳಲ್ಲೆಲ್ಲ ಕಷ್ಟದ ಕೆಲಸವಾಗಿತ್ತು.

ಗ್ರಾಹಕರಾಗಿ, ಬಾಡಿಗೆದಾರರಾಗಿ ನೀವು ದಾಕ್ಷಿಣ್ಯ ಮಾಡಿಕೊಂಡರೆ ನಷ್ಟ ನಿಮ್ಮದು, ಹೋಗಲಿ ಅನ್ನಬಹುದು. ಮಕ್ಕಳ ವಿಷಯ ಹಾಗಲ್ಲ. ಮಗು ದೂರು ಬರೆಯುವುದಿಲ್ಲ, ಬಿಲ್ ಇಟ್ಟುಕೊಳ್ಳುವುದಿಲ್ಲ, ತನಗೆ ಅನ್ಯಾಯವಾಗುತ್ತಿದೆ ಎಂಬುದೇ ಎಷ್ಟೋ ಸಲ ಅದಕ್ಕೆ ತಿಳಿಯುವುದಿಲ್ಲ. ಅದರ ಪರವಾಗಿ ಕೇಳಬೇಕಾದವರು ದೊಡ್ಡವರು. ನೀವು ಈಗ ದೊಡ್ಡವರು.

ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ನೋಡಿ. ಬೆಳಗ್ಗೆ ಏಳಕ್ಕೆ ಶಾಲೆಯ ವ್ಯಾನ್ ಬರುತ್ತದೆ. ಒಂದು ಹುಡುಗಿ ಬ್ಯಾಗು, ನೀರಿನ ಬಾಟಲಿ ಹಿಡಿದು ಇಳಿದು ಬರುತ್ತಾಳೆ. ಬ್ಯಾಗು ಅವಳದ್ದಲ್ಲ. ಮನೆಯವರ ಮಗುವನ್ನು ವ್ಯಾನ್ ಹತ್ತಿಸಿ ಕೈ ಬೀಸಿ ವಾಪಸ್ ಲಿಫ್ಟಿಗೆ ಹೋಗುವ ಅವಳ ವಯಸ್ಸೂ ಹನ್ನೊಂದೋ ಹನ್ನೆರಡೋ. ವಿಚಾರಿಸಿದರೆ “ನಮ್ಮ ಕಡೆಯವಳೇ, ಮನೆ ಮಗಳ ಹಾಗೆ ನೋಡ್ಕೊಳ್ತೀವಿ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಮನೆಗೆಲಸಕ್ಕೆ, ಹೋಟೆಲು ಡಾಬಾಗಳಿಗೆ 14 ವರ್ಷದೊಳಗಿನ ಮಕ್ಕಳನ್ನು ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದಲೇ ನಿಷಿದ್ಧ. 2016ರ ತಿದ್ದುಪಡಿಯ ಮೇಲೆ ಆ ವಯಸ್ಸಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರವರೆಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಕುಟುಂಬದ ಕೆಲಸದಲ್ಲಿ ಕೈಜೋಡಿಸಲು ವಿನಾಯಿತಿ ಇದೆ, ಅದೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ. ಕುಟುಂಬ ಎಂದರೆ ಯಾರು ಎಂದೂ ಕಾಯ್ದೆ ಹೇಳಿದೆ: ಅಪ್ಪ, ಅಮ್ಮ, ಒಡಹುಟ್ಟಿದವರು, ಅಪ್ಪ ಅಮ್ಮನ ಒಡಹುಟ್ಟಿದವರು. ‘ನಮ್ಮ ಕಡೆಯವಳು’ ಅದರಲ್ಲಿಲ್ಲ. ಶಿಕ್ಷೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. 6ರಿಂದ 14 ವರ್ಷದವರಿಗೆ ಉಚಿತ, ಕಡ್ಡಾಯ ಶಿಕ್ಷಣದ ಕಾಯ್ದೆ 2010ರ ಏಪ್ರಿಲ್ 1ರಿಂದ ಇದೆ. ವಯಸ್ಸಿನ ದಾಖಲೆ ಇಲ್ಲ ಎಂದು ಶಾಲೆ ಅವಳನ್ನು ಹಿಂದಕ್ಕೆ ಕಳಿಸುವಂತಿಲ್ಲ.

ಊರಿಗೆ ಬಂದಾಗ ಇನ್ನೊಂದು ಬಗೆಯ ಮುಜುಗರ ಕಾದಿರುತ್ತದೆ. ಹೈಸ್ಕೂಲು ಓದುವ ನೆಂಟರ ಹುಡುಗಿಗೆ ಮದುವೆ. “ಒಳ್ಳೆ ಸಂಬಂಧ, ಹುಡುಗನ ಕಡೆಯವರು ಏನೂ ಕೇಳಿಲ್ಲ” ಅನ್ನುತ್ತಾರೆ. ದೇಶದ ಕಾಯ್ದೆಯಲ್ಲಿ ಬಾಲ್ಯವಿವಾಹ ಸಾಮಾನ್ಯವಾಗಿ ತಾನಾಗಿ ಅಸಿಂಧುವಾಗುವುದಿಲ್ಲ, ಮದುವೆಯಾದ ಮಗುವೇ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಕರ್ನಾಟಕ ಹಾಗೆ ಬಿಡಲಿಲ್ಲ. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿಯ ವರದಿಯ ನಂತರ ರಾಜ್ಯ ತಿದ್ದುಪಡಿ ತಂದು, ಬಾಲ್ಯವಿವಾಹ ಮೊದಲ ಗಳಿಗೆಯಿಂದಲೇ ಅಸಿಂಧು ಎಂದಿತು. 2017ರಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಯನ್ನು ಮೆಚ್ಚಿ, ಉಳಿದ ರಾಜ್ಯಗಳೂ ಈ ದಾರಿ ಹಿಡಿಯುವುದು ಒಳ್ಳೆಯದೆಂದಿತು. ನಮ್ಮ ರಾಜ್ಯದ ಬಗ್ಗೆ ಹೆಮ್ಮೆಪಡುವ ವಿಷಯಗಳಲ್ಲಿ ಇದೂ ಒಂದು, ಯಾರೂ ಹೇಳಿಕೊಳ್ಳುವುದಿಲ್ಲ ಅಷ್ಟೇ. ಮದುವೆ ಮಾಡಿಸಿದವರು, ಪುರೋಹಿತರು, ತಂದೆ ತಾಯಿ ಮಾತ್ರವಲ್ಲ, ಗೊತ್ತಿದ್ದೂ ಅದರಲ್ಲಿ ಪಾಲ್ಗೊಂಡವರೂ ಶಿಕ್ಷೆಯ ವ್ಯಾಪ್ತಿಗೆ ಬರುತ್ತಾರೆ. ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಮುಯ್ಯಿ ಹಾಕಿ ಊಟ ಮಾಡಿ ಬಂದೆ, ನನಗೇನು ಸಂಬಂಧ ಎನ್ನುವಂತಿಲ್ಲ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಮಾತು ಇನ್ನೂ ಕಟ್ಟುನಿಟ್ಟು. 2012ರ ಪೋಕ್ಸೊ ಕಾಯ್ದೆಯಲ್ಲಿ ಪೊಲೀಸರಿಗೆ ತಿಳಿಸುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ, ತಿಳಿಸದಿರುವುದೇ ಅಪರಾಧ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದಕ್ಕೆ ಒಗ್ಗುವ ಜಾಗದಲ್ಲೋ ಪಡೆಯಬೇಕು, ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ಹೆಸರು ಎಲ್ಲೂ ಹೊರಬೀಳಬಾರದು. ಮರ್ಯಾದೆ ಹೋಗುತ್ತದೆ ಎಂದು ಮುಚ್ಚಿಡುವ ಹಿರಿಯರಿಗೆ ನೀವು ಇದನ್ನು ವಿವರಿಸಿ ಹೇಳಬೇಕು. ನಿಮ್ಮ ಮಾತನ್ನು ಅವರು ಮೊದಲ ಸಲಕ್ಕೆ ಕೇಳಲಾರರು, ಮತ್ತೆ ಹೇಳಿ.

ಆ ಲಿಫ್ಟಿನ ಹುಡುಗಿಗಾಗಲಿ, ಮದುವೆಗೆ ಸಿದ್ಧವಾಗಿರುವ ನೆಂಟರ ಹುಡುಗಿಗಾಗಲಿ ನೀವು ಯಾರ ಮನೆ ಬಾಗಿಲಲ್ಲೂ ನಿಂತು ಜಗಳ ಮಾಡಬೇಕಾಗಿಲ್ಲ. ಹಾಗೆ ಮಾಡಿದರೆ ಮಗುವನ್ನು ರಾತ್ರೋರಾತ್ರಿ ಬೇರೆ ಕಡೆ ಸಾಗಿಸಿಬಿಡುತ್ತಾರೆ. ವಿಳಾಸ, ಮದುವೆಯಾದರೆ ದಿನ ಮತ್ತು ಜಾಗ ಸರಿಯಾಗಿ ಗುರುತು ಹಾಕಿಕೊಂಡು 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ. ಕರೆಗೆ ದುಡ್ಡಿಲ್ಲ, ನಿಮ್ಮ ಹೆಸರು ಗುಟ್ಟಾಗಿರುತ್ತದೆ.